ಸಂಘದ ಹಣ ಎಲ್ಲಿಗೆ? ನೋಟ್‌ಬುಕ್, ಹೊಲಿಗೆ ಯಂತ್ರ, ಸಾಲ, ನಗದು: ಒಂದು ಹೋಲಿಕೆ

ಮಂಗಳೂರು, ಉಡುಪಿ ಕಡೆ ಸಂಘಗಳಿಗೆ ಬರವಿಲ್ಲ. ಯುವಕ ಮಂಡಲ, ಮಹಿಳಾ ಮಂಡಲ, ಭಜನಾ ಮಂಡಳಿ, ಹಳೆ ವಿದ್ಯಾರ್ಥಿ ಸಂಘ, ಆಯಾ ಸಮಾಜದ ಸೇವಾ ಸಂಘ. ಇವುಗಳ ಬೆನ್ನಿಗೆ ಮುಂಬೈ, ದುಬೈ, ಮಸ್ಕತ್‌ಗಳಲ್ಲಿರುವ ಊರಿನವರ ದೇಣಿಗೆ. ಮೇ ತಿಂಗಳಲ್ಲಿ ಸಮಿತಿ ಸೇರುತ್ತದೆ, ಕಳೆದ ವರ್ಷದ ನಿರ್ಣಯವೇ ಇಸವಿ ಬದಲಾಯಿಸಿಕೊಂಡು ಮತ್ತೆ ಮಂಜೂರಾಗುತ್ತದೆ: ಶಾಲಾ ಮಕ್ಕಳಿಗೆ ಉಚಿತ ಪುಸ್ತಕ ವಿತರಣೆ, ಇಬ್ಬರು ಬಡ ಮಹಿಳೆಯರಿಗೆ ಹೊಲಿಗೆ ಯಂತ್ರ, ಪ್ರತಿಭಾವಂತರಿಗೆ ವಿದ್ಯಾರ್ಥಿವೇತನ. ಇದರಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಅಷ್ಟೇ ಹಣಕ್ಕೆ ಬೇರೆ ದಾರಿಗಳೂ ಇವೆ. ಯಾವ ದಾರಿ ಎಲ್ಲಿಯವರೆಗೆ ಒಯ್ಯುತ್ತದೆ ಎಂಬುದನ್ನು ಕಳೆದ ಮೂರು ದಶಕಗಳಲ್ಲಿ ಹಲವು ದೇಶಗಳಲ್ಲಿ ಅಳೆದು ನೋಡಿದ್ದಾರೆ. ಒಂದೆರಡು ಲಕ್ಷ ಕೈಯಲ್ಲಿಟ್ಟುಕೊಂಡು ಯೋಚಿಸುತ್ತಿರುವ ಸಮಿತಿಗೆ ಆ ಅಳತೆಗಳಿಂದ ಏನು ಸಿಗುತ್ತದೆ ಎಂಬುದೇ ಇಲ್ಲಿನ ವಿಷಯ.

ಅಳೆಯುವ ಕ್ರಮ ಔಷಧಿ ಪರೀಕ್ಷೆಯದ್ದೇ. ನೂರು ಹಳ್ಳಿಗಳಿದ್ದರೆ ಚೀಟಿ ಎತ್ತಿ ಐವತ್ತಕ್ಕೆ ಒಂದು ಕಾರ್ಯಕ್ರಮ ಕೊಡುತ್ತಾರೆ, ಉಳಿದ ಐವತ್ತನ್ನು ಹಾಗೆಯೇ ಬಿಡುತ್ತಾರೆ. ವರ್ಷ ಕಳೆದ ಮೇಲೆ ಎರಡೂ ಗುಂಪುಗಳ ಮನೆಗಳಿಗೆ ಹೋಗಿ ಕೇಳುತ್ತಾರೆ. ವ್ಯತ್ಯಾಸ ಕಂಡರೆ ಅದು ಕಾರ್ಯಕ್ರಮದ್ದು. ಮಳೆ ಚೆನ್ನಾಗಿ ಬಂತು, ಮೊದಲೇ ಚುರುಕಾದವರನ್ನು ಆರಿಸಿದ್ದರು ಎಂಬ ನೆಪಗಳಿಗೆ ಜಾಗವಿಲ್ಲ. ಈ ಕ್ರಮವನ್ನು ಬಡತನದ ಅಧ್ಯಯನಕ್ಕೆ ತಂದದ್ದಕ್ಕಾಗಿಯೇ 2019ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಮೈಕೆಲ್ ಕ್ರೆಮರ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಇದಕ್ಕೆ ಜೊತೆಯಾಗಿ ನಿಂತದ್ದು ವರ್ತನಾ ಅರ್ಥಶಾಸ್ತ್ರ, ಎಂದರೆ ಹಣದ ವಿಷಯದಲ್ಲಿ ಜನ ನಿಜವಾಗಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವ ಶಾಸ್ತ್ರ. ಬಡವರು ನಮ್ಮ ನಿಮ್ಮಂತೆಯೇ ನಾಳೆಗೆ ಮುಂದೂಡುವವರು, ಮರೆಯುವವರು, ಕೈಯಲ್ಲಿದ್ದದ್ದನ್ನು ಖರ್ಚು ಮಾಡಿಬಿಡುವವರು. ನಮಗೆ ಸಂಬಳದಿಂದಲೇ ಮುರಿದುಕೊಳ್ಳುವ ಭವಿಷ್ಯ ನಿಧಿ ಇದೆ, ಅವರಿಗಿಲ್ಲ ಎಂದು ಅದು ಹೇಳುತ್ತದೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಮಿಳುನಾಡಿನ ಕಬ್ಬು ಬೆಳೆಗಾರರು ಕಟಾವಿಗೆ ಮುಂಚೆ, ಕೈ ಖಾಲಿಯಿರುವಾಗ, ಬುದ್ಧಿಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು. ಕಟಾವಿನ ನಂತರ ಅದೇ ರೈತರು ಚೆನ್ನಾಗಿ ಮಾಡಿದ್ದರು. ಕೊರತೆಯ ಚಿಂತೆಯೇ ತಲೆಯ ಜಾಗವನ್ನು ತಿನ್ನುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಎಷ್ಟು ಕೊಡುತ್ತೀರಿ ಎನ್ನುವುದಕ್ಕಿಂತ ಯಾವಾಗ ಕೊಡುತ್ತೀರಿ, ಎಲ್ಲಿ ಸಿಕ್ಕಿಹಾಕಿಕೊಂಡ ಗಂಟಿಗೆ ಕೊಡುತ್ತೀರಿ ಎನ್ನುವುದು ಹೆಚ್ಚು ಮುಖ್ಯ. ನಮ್ಮ ಸಂಘಗಳು ಮೊತ್ತದ ಬಗ್ಗೆ ಗಂಟೆಗಟ್ಟಲೆ ಚರ್ಚಿಸುತ್ತವೆ. ತಿಂಗಳನ್ನು ಮಾತ್ರ ಮುಖ್ಯ ಅತಿಥಿಯ ಬಿಡುವಿಗೆ ಬಿಟ್ಟುಬಿಡುತ್ತವೆ.

ಪುಸ್ತಕ ವಿತರಣೆಯೋ, ಓದು ಕಲಿಸುವುದೋ?

ಕ್ರೆಮರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೀನ್ಯಾದ ಗ್ರಾಮೀಣ ಶಾಲೆಗಳಲ್ಲಿ ಪಠ್ಯಪುಸ್ತಕ ಹಂಚಿ ಪರೀಕ್ಷೆ ಮಾಡಿದರು. ಸರಾಸರಿ ಅಂಕ ಮೇಲೇರಲಿಲ್ಲ. ಲಾಭವಾದದ್ದು ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ. ಪುಸ್ತಕಗಳಿದ್ದದ್ದು ಇಂಗ್ಲಿಷಿನಲ್ಲಿ, ಬಹಳಷ್ಟು ಮಕ್ಕಳಿಗೆ ಅದು ಮೂರನೆಯ ಭಾಷೆ. ಪುಸ್ತಕ ತೆರೆದರೂ ಓದಲಾಗದ ಮಗುವಿಗೆ ಪುಸ್ತಕ ಏನು ಮಾಡೀತು?

ನಮ್ಮಲ್ಲಿ ಸರ್ಕಾರಿ ಶಾಲೆಗೆ ಪಠ್ಯಪುಸ್ತಕ ಸರ್ಕಾರವೇ ಕೊಡುತ್ತದೆ. ಸಂಘ ಕೊಡುವುದು ನೋಟ್‌ಬುಕ್. ಅದರಿಂದ ಜೂನ್ ತಿಂಗಳಲ್ಲಿ ಮನೆಯವರ ಖರ್ಚು ಸ್ವಲ್ಪ ಇಳಿಯುತ್ತದೆ, ಅದೂ ಒಂದು ನೆರವೇ. ಆದರೆ ಕಲಿಕೆ ಹೆಚ್ಚುತ್ತದೆ ಎಂದು ವರದಿಯಲ್ಲಿ ಬರೆಯಬೇಡಿ.

ಇದಕ್ಕೆ ಎದುರಾಗಿ ಇಡಬೇಕಾದದ್ದು ಮಕ್ಕಳ ಕಲಿಕೆಗಾಗಿ ದುಡಿಯುವ ಪ್ರಥಮ್ ಸಂಸ್ಥೆ ಬೆಳೆಸಿದ ಕ್ರಮ. 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದ ಶಾಲೆಗಳಲ್ಲಿ ‘ಬಾಲಸಖಿ’ ಎಂಬ ಹೆಸರಿನಲ್ಲಿ ಆಯಾ ಊರಿನ ಯುವತಿಯರನ್ನು ನೇಮಿಸಿದರು. ಮೂರು, ನಾಲ್ಕನೆಯ ತರಗತಿಯಲ್ಲಿದ್ದೂ ಅಕ್ಷರ, ಕೂಡುವ ಕಳೆಯುವ ಲೆಕ್ಕ ಗೊತ್ತಿಲ್ಲದ ಹದಿನೈದಿಪ್ಪತ್ತು ಮಕ್ಕಳನ್ನು ಆಕೆ ಶಾಲೆಯ ಅವಧಿಯಲ್ಲೇ ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ, ಅವರು ಎಲ್ಲಿದ್ದಾರೋ ಅಲ್ಲಿಂದ ಕಲಿಸುತ್ತಿದ್ದಳು. ಹಿಂದುಳಿದ ಮಕ್ಕಳ ಅಂಕಗಳು ಗಣನೀಯವಾಗಿ ಏರಿದವು, ಖರ್ಚು ತೀರಾ ಕಡಿಮೆ. ಆಮೇಲೆ ಬೇರೆ ರಾಜ್ಯಗಳಲ್ಲಿ ಇದನ್ನೇ ತಿರುಗಿಸಿ ಮುರುಗಿಸಿ ಪರೀಕ್ಷಿಸಿದ್ದಾರೆ; ಉತ್ತರ ಪ್ರದೇಶದಲ್ಲಿ ಹತ್ತಿಪ್ಪತ್ತು ದಿನಗಳ ಕಲಿಕಾ ಶಿಬಿರಗಳೂ ಫಲ ಕೊಟ್ಟವು. ಒಂದು ಎಚ್ಚರಿಕೆಯೂ ಅಲ್ಲಿಂದಲೇ ಬಂದಿದೆ. ಜೌನ್‌ಪುರ ಜಿಲ್ಲೆಯಲ್ಲಿ ಶಾಲೆಯ ಹೊರಗೆ ಸ್ವಯಂಸೇವಕರು ಓದಿನ ತರಗತಿ ನಡೆಸಿದಾಗ ಬಂದ ಮಕ್ಕಳು ಕಲಿತರು, ಆದರೆ ಬಂದವರೇ ಕಡಿಮೆ. ಸಂಜೆ ಭಜನಾ ಮಂದಿರದಲ್ಲಿ ಉಚಿತ ಟ್ಯೂಷನ್ ಇಡುವ ಯೋಚನೆಯಿದ್ದರೆ ಇದನ್ನು ನೆನಪಿಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶಾಲೆಯ ಗಂಟೆಯೊಳಗೇ ನಡೆಸುವುದು ಉತ್ತಮ.

‘ನಮ್ಮ ಜಿಲ್ಲೆಯಲ್ಲಿ ಇದು ಬೇಕೇ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಉಡುಪಿ, 2025ರಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು. ಆದರೆ ಆ ಸರಾಸರಿಯ ಒಳಗೆ ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ಶೆಡ್‌ಗಳಲ್ಲಿ ಉಳಿದವರ ಮಕ್ಕಳು ಕಾಣುವುದಿಲ್ಲ. ವರ್ಷದ ಮಧ್ಯೆ ಶಾಲೆ ಸೇರಿ, ವರ್ಷದ ಮಧ್ಯೆ ಬಿಟ್ಟು ಹೋಗುವ ಮಕ್ಕಳವರು. ನಿಮ್ಮ ಹತ್ತಿರದ ಶಾಲೆಗೆ ಹೋಗಿ ನಾಲ್ಕನೆಯ ತರಗತಿಯವರ ಕೈಗೆ ಎರಡನೆಯ ತರಗತಿಯ ಪುಸ್ತಕ ಕೊಟ್ಟು ಒಂದು ಪುಟ ಓದಿಸಿ. ಎಲ್ಲರೂ ಸರಾಗವಾಗಿ ಓದಿದರೆ ನೋಟ್‌ಬುಕ್‌ಗೇ ಹಣ ಹಾಕಿ. ಏಳೆಂಟು ಮಕ್ಕಳು ತಡವರಿಸಿದರೆ ಆ ಹಣ ಒಬ್ಬ ಬಾಲಸಖಿಯ ಗೌರವಧನಕ್ಕೆ ಹೋಗಲಿ. ಈ ಎರಡರ ನಡುವೆ ನನಗೆ ಅನುಮಾನವೇ ಇಲ್ಲ.

ವಿದ್ಯಾರ್ಥಿವೇತನ: ಯಾವ ತಿಂಗಳು?

ಕೊಲಂಬಿಯಾದ ಬೊಗೊಟಾ ನಗರದಲ್ಲಿ ಬಡ ಕುಟುಂಬಗಳ ವಿದ್ಯಾರ್ಥಿಗಳಿಗೆ ಹಾಜರಾತಿ ನೋಡಿ ಹಣ ಕೊಡುವ ಯೋಜನೆಯನ್ನು ಬೇರೆ ಬೇರೆ ಬಗೆಯಲ್ಲಿ ನಡೆಸಿ ನೋಡಿದರು. ಒಂದು ಗುಂಪಿಗೆ ಎರಡು ತಿಂಗಳಿಗೊಮ್ಮೆ ಪೂರ್ತಿ ಹಣ. ಇನ್ನೊಂದು ಗುಂಪಿಗೆ ಮೂರರಲ್ಲಿ ಎರಡು ಪಾಲು ಮಾತ್ರ ಆಗಾಗ. ಉಳಿದ ಒಂದು ಪಾಲನ್ನು ಹಿಡಿದಿಟ್ಟು ಮುಂದಿನ ವರ್ಷದ ದಾಖಲಾತಿಯ ಹೊತ್ತಿಗೆ ಕೊಟ್ಟರು. ಹಾಜರಾತಿ ಎರಡೂ ಗುಂಪುಗಳಲ್ಲಿ ಒಂದೇ ರೀತಿ ಏರಿತು. ಆದರೆ ಮರುವರ್ಷ ಶಾಲೆಗೆ ಸೇರಿದವರು ಎರಡನೆಯ ಗುಂಪಿನಲ್ಲೇ ಹೆಚ್ಚು. ಒಂದು ಪೈಸೆಯೂ ಹೆಚ್ಚು ಖರ್ಚಾಗಲಿಲ್ಲ.

ನಮ್ಮ ಪ್ರತಿಭಾ ಪುರಸ್ಕಾರಗಳು ಸಾಮಾನ್ಯವಾಗಿ ವಾರ್ಷಿಕೋತ್ಸವದ ವೇದಿಕೆಯಲ್ಲಿ, ಡಿಸೆಂಬರಿನ ಆಸುಪಾಸು. ಪಿಯುಸಿ, ಪದವಿ, ಐಟಿಐಗಳ ಶುಲ್ಕ ಕಟ್ಟಬೇಕಾದದ್ದು ಮೇಯಿಂದ ಜುಲೈಯೊಳಗೆ, ಅದೂ ಮಳೆ ಶುರುವಾಗಿ ದುಡಿಮೆ ಕುಸಿಯುವ ಹೊತ್ತಿಗೆ. ಡಿಸೆಂಬರಿನ ಚೆಕ್ ಡಿಸೆಂಬರಿನಲ್ಲೇ ಕರಗುತ್ತದೆ. ಜೂನ್‌ಗೆ ಚಿನ್ನ ಅಡವಿಡುತ್ತಾರೆ. ಹಾಗಾಗಿ ಆಯ್ಕೆ ‘ಹೆಚ್ಚು ಮಕ್ಕಳಿಗೋ, ಹೆಚ್ಚು ಮೊತ್ತವೋ’ ಎಂಬುದಲ್ಲ. ಹೆಸರು ಡಿಸೆಂಬರಿನಲ್ಲಿ ಘೋಷಿಸಿ, ಶಾಲು ಹೊದಿಸಿ, ಫೋಟೊ ತೆಗೆಸಿ; ಹಣವನ್ನು ಪ್ರವೇಶದ ವಾರ ಕೊಡಿ. ಜೊತೆಗೆ ಇನ್ನೊಂದು ಮಾತು. ತೊಂಬತ್ತೈದು ಶೇಕಡಾ ತೆಗೆದವರಿಗೆ ನೀವು ಕೊಡದಿದ್ದರೂ ಮೂರು ಸಂಘಗಳು ಕೊಡುತ್ತವೆ. ಐವತ್ತೈದು ತೆಗೆದು ಬಿಡಲೋ ಮುಂದುವರಿಸಲೋ ಎಂದು ಹೊಯ್ದಾಡುವವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಹೊಲಿಗೆ ಯಂತ್ರ ಒಂದೇ ಸಾಕೇ?

ಬೀಡಿ ಕಟ್ಟುವ ಕೆಲಸ ಕಡಿಮೆಯಾಗುತ್ತಿದ್ದಂತೆ ಕರಾವಳಿಯ ಮಹಿಳೆಯರಿಗೆ ಬೇರೆ ದುಡಿಮೆಯ ದಾರಿ ಮಾಡಿಕೊಡಬೇಕು ಎಂಬ ಮಾತು ಎಲ್ಲ ಸಮಿತಿಗಳಲ್ಲೂ ಬರುತ್ತದೆ. ಉತ್ತರವಾಗಿ ಹೊಲಿಗೆ ಯಂತ್ರ. ಇಲ್ಲಿ ಹೋಲಿಸಬೇಕಾದದ್ದು ಬಾಂಗ್ಲಾದೇಶದ ಸೇವಾ ಸಂಸ್ಥೆ ಬ್ರಾಕ್ 2002ರಲ್ಲಿ ಆರಂಭಿಸಿದ ‘ಪದವೀಕರಣ’ (ಗ್ರ್ಯಾಜುಯೇಷನ್) ಮಾದರಿಯ ಜೊತೆ, ಎಂದರೆ ಕಡುಬಡತನದಿಂದ ಮೆಟ್ಟಿಲು ಹತ್ತಿಸುವ ಕ್ರಮದ ಜೊತೆ. ತೀರಾ ಬಡ ಮನೆಗೆ ಆಡು, ಹಸು ಅಥವಾ ಸಣ್ಣ ವ್ಯಾಪಾರದ ಸರಕು; ಅದು ಆದಾಯ ಕೊಡುವವರೆಗೆ ಊಟಕ್ಕೊಂದು ಭತ್ಯೆ; ತರಬೇತಿ; ಉಳಿತಾಯ ಖಾತೆ; ಒಂದೂವರೆ ಎರಡು ವರ್ಷ ಮನೆಗೆ ಬಂದು ವಿಚಾರಿಸುವ ಒಬ್ಬ ಕಾರ್ಯಕರ್ತೆ. ಇಥಿಯೋಪಿಯಾ, ಘಾನಾ, ಹೊಂಡುರಾಸ್, ಭಾರತ, ಪಾಕಿಸ್ತಾನ, ಪೆರು ಈ ಆರು ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಮುಗಿದು ವರ್ಷವಾದ ಮೇಲೂ ಊಟ, ಆಸ್ತಿ, ಆದಾಯ ಸುಧಾರಿಸಿಯೇ ಇದ್ದವು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷಗಳ ನಂತರ ಹೋಗಿ ನೋಡಿದರೂ ವ್ಯತ್ಯಾಸ ಉಳಿದಿತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳು ರೋಗ ಬಂದು ಸತ್ತವು, ಆಸ್ತಿಯೂ ಅವುಗಳ ಜೊತೆ ಹೋಯಿತು.

ಘಾನಾದಲ್ಲಿ ಇನ್ನೊಂದು ಗುಂಪಿಗೆ ಬರೀ ಆಡು ಕೊಟ್ಟರು. ಭತ್ಯೆ ಇಲ್ಲ, ಭೇಟಿ ಇಲ್ಲ. ಪೂರ್ತಿ ಕಾರ್ಯಕ್ರಮದಂತಹ ಬಾಳಿಕೆಯ ಫಲ ಅಲ್ಲಿ ಸಿಗಲಿಲ್ಲ. ನಮ್ಮ ಹೊಲಿಗೆ ಯಂತ್ರ ಆ ಬರೀ ಆಡು. ಕತ್ತರಿಸುವುದನ್ನು ಕಲಿಸಿದವರಿಲ್ಲ, ಮೊದಲ ಆರು ತಿಂಗಳು ಗಿರಾಕಿ ಇಲ್ಲ, ಮಗುವಿಗೆ ಜ್ವರ ಬಂದಾಗ ಮಾರಲು ಸಿದ್ಧವಾಗಿರುವ ಒಂದು ವಸ್ತು ಮಾತ್ರ ಮನೆಯಲ್ಲಿದೆ. ಹತ್ತು ಯಂತ್ರಗಳ ಹಣದಲ್ಲಿ ಮೂವರನ್ನು ಆರಿಸಿ, ತರಬೇತಿ, ಕೆಲವು ತಿಂಗಳ ಭತ್ಯೆ, ಶಾಲಾ ಸಮವಸ್ತ್ರದ ಒಂದು ಖಚಿತ ಆರ್ಡರ್, ವಾರಕ್ಕೊಮ್ಮೆ ಮನೆಗೆ ಹೋಗಿ ಬರುವ ಒಬ್ಬ ಅಕ್ಕ, ಇಷ್ಟನ್ನು ಜೋಡಿಸುವುದು ಮೇಲು. ವೇದಿಕೆಯ ಮೇಲೆ ಮೂರೇ ಯಂತ್ರ ನಿಲ್ಲುತ್ತವೆ ಎಂಬ ಕೊರಗು ಸಮಿತಿಗೆ ಇರುತ್ತದೆ. ವಾರಕ್ಕೊಮ್ಮೆ ಹೋಗುವವರು ನಿಮ್ಮಲ್ಲಿ ಯಾರೂ ಇಲ್ಲವಾದರೆ ಈ ದಾರಿ ಹಿಡಿಯಬೇಡಿ. ಮುಂದೆ ಹೇಳುವ ನಗದೇ ವಾಸಿ.

ಸಾಲವೋ, ಉಳಿತಾಯವೋ?

ಸಣ್ಣ ಸಾಲದ ಮೇಲಿನ ಅತಿ ನಿರೀಕ್ಷೆಯನ್ನು ಇಳಿಸಿದ್ದೇ ಕ್ಷೇತ್ರ ಪ್ರಯೋಗಗಳು. ಹೈದರಾಬಾದಿನ 104 ಬಡಾವಣೆಗಳಲ್ಲಿ 52ನ್ನು ಚೀಟಿ ಎತ್ತಿ ಆರಿಸಿ ಅಲ್ಲಿ ಕಿರುಸಾಲ ಸಂಸ್ಥೆಯ ಶಾಖೆ ತೆರೆದರು. ಮೊದಲೇ ವ್ಯಾಪಾರವಿದ್ದ ಕೆಲವರು ಅದನ್ನು ಬೆಳೆಸಿಕೊಂಡರು. ಆದರೆ ಮನೆಯ ಒಟ್ಟು ಖರ್ಚು, ಮಕ್ಕಳ ಓದು, ಆರೋಗ್ಯ, ಮನೆಯಲ್ಲಿ ಹೆಣ್ಣಿನ ಮಾತಿಗೆ ಇರುವ ಬೆಲೆ ಇವು ಯಾವುವೂ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಬೋಸ್ನಿಯಾ, ಇಥಿಯೋಪಿಯಾ, ಮೆಕ್ಸಿಕೊ, ಮಂಗೋಲಿಯಾ, ಮೊರಾಕೊಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಸಾಲ ಕೆಟ್ಟದ್ದಲ್ಲ, ಪವಾಡವೂ ಅಲ್ಲ. ಆದರೆ ಒತ್ತಡದ ವಸೂಲಿ ಸೇರಿಕೊಂಡರೆ ಏನಾಗುತ್ತದೆ ಎಂಬುದನ್ನು 2010ರ ಕಿರುಸಾಲ ಬಿಕ್ಕಟ್ಟಿನಲ್ಲಿ ಆಂಧ್ರ ಕಂಡಿತು. ನಮ್ಮ ರಾಜ್ಯವೂ 2025ರಲ್ಲಿ ಅದಕ್ಕಾಗಿಯೇ ಸುಗ್ರೀವಾಜ್ಞೆ ತರಬೇಕಾಯಿತು.

ಮೀನು ಮಾರುವ ಮಹಿಳೆಯರ ಮೀಟರ್ ಬಡ್ಡಿಯ ಸಾಲವನ್ನು ಒಮ್ಮೆ ತೀರಿಸಿಬಿಟ್ಟರೆ ಹೇಗೆ ಎಂದು ಒಳ್ಳೆಯ ಮನಸ್ಸಿನವರು ಕೇಳುತ್ತಾರೆ. ಚೆನ್ನೈ ಮತ್ತು ಫಿಲಿಪ್ಪೀನ್ಸ್‌ನ ಮಾರುಕಟ್ಟೆ ವ್ಯಾಪಾರಿಗಳಿಗೆ ಅರ್ಥಶಾಸ್ತ್ರಜ್ಞರಾದ ಡೀನ್ ಕಾರ್ಲನ್, ಸೆಂಧಿಲ್ ಮುಲ್ಲೈನಾಥನ್ ಮತ್ತಿತರರು ಹೀಗೆಯೇ ಸಾಲ ತೀರಿಸಿ ನೋಡಿದರು. ಬಹಳಷ್ಟು ಜನ ಮತ್ತೆ ಸಾಲಕ್ಕೆ ಮರಳಿದರು. ಒಂದು ಸಣ್ಣ ಹೊಡೆತವನ್ನು ತಡೆಯುವಷ್ಟು ಉಳಿತಾಯ ಕೈಯಲ್ಲಿ ಇಲ್ಲದಿದ್ದರೆ ಸಾಲ ತೀರಿದರೂ ನಿಲ್ಲುವುದಿಲ್ಲ.

ಹಾಗಾಗಿ ನಾನು ಉಳಿತಾಯದ ಪಕ್ಷ. ಅದಕ್ಕೊಂದು ಊರಿನ ಅಭಿಮಾನವೂ ಇದೆ ಎಂದು ಒಪ್ಪುತ್ತೇನೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಬ್ಯಾಂಕ್, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು: ದಿನಕ್ಕೆ ಎರಡಾಣೆ, ಅದನ್ನೂ ಏಜೆಂಟ್ ಮನೆ ಬಾಗಿಲಿಗೆ, ಅಂಗಡಿಗೆ ಬಂದು ಒಯ್ಯುತ್ತಾರೆ. ಬ್ಯಾಂಕಿಗೆ ಹೋಗುವ ಶ್ರಮವಿಲ್ಲ, ಮರೆವಿಗೆ ಎಡೆಯಿಲ್ಲ, ಏಜೆಂಟ್ ಬಂದಾಗ ಇಲ್ಲ ಎನ್ನಲು ಸಣ್ಣ ನಾಚಿಕೆ. ಇದೇ ತತ್ತ್ವವನ್ನು ಫಿಲಿಪ್ಪೀನ್ಸ್‌ನ ಬ್ಯಾಂಕೊಂದರಲ್ಲಿ ನಾಲ್ಕು ಜನರಲ್ಲಿ ಒಬ್ಬರಿಗಿಂತ ಹೆಚ್ಚು, ಎಂದರೆ 28 ಶೇಕಡಾ ಗ್ರಾಹಕರು ಒಪ್ಪಿಕೊಂಡರು: ಗುರಿಯ ಮೊತ್ತ ಅಥವಾ ಗುರಿಯ ದಿನ ಬರುವವರೆಗೆ ತೆಗೆಯಲಾಗದ ಖಾತೆ, ಬಡ್ಡಿ ಸಾಮಾನ್ಯ ಖಾತೆಯಷ್ಟೇ. ವರ್ಷದ ಬಳಿಕ ಆ ಅವಕಾಶ ಸಿಕ್ಕಿದ ಗುಂಪಿನ ಉಳಿತಾಯ ಸಿಗದವರದ್ದಕ್ಕಿಂತ ಬಹಳ ಮುಂದಿತ್ತು. ತಮ್ಮ ಹಣಕ್ಕೆ ತಾವೇ ಬೀಗ ಹಾಕಿಸಿಕೊಳ್ಳಲು ಜನ ಮುಂದೆ ಬಂದರು ಎನ್ನುವುದೇ ಅಲ್ಲಿನ ಸ್ವಾರಸ್ಯ.

ಕರಾವಳಿಯಲ್ಲಿ ಇದಕ್ಕೆ ಕಾಲವೂ ಸಿದ್ಧವಾಗಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನ ಧಕ್ಕೆಯಲ್ಲೂ ಬೋಟುಗಳು ನಿಂತಾಗ ಬುಟ್ಟಿ ಹೊತ್ತು ಮಾರುವವರ, ಮೀನು ಹೆಕ್ಕುವವರ ದುಡಿಮೆಯೂ ನಿಲ್ಲುತ್ತದೆ. ಸೆಪ್ಟೆಂಬರಿನಿಂದ ಮೇವರೆಗೆ ದಿನಕ್ಕಿಷ್ಟು ಎಂದು ಪಿಗ್ಮಿಗೆ ಹಾಕಿಸಿ, ಮೇ ಕೊನೆಗೆ ಕೈಗೆ ಸಿಗುವಂತೆ ಮಾಡಿ, ಸಂಘ ಅದಕ್ಕೆ ತನ್ನದೊಂದು ಪಾಲು ಸೇರಿಸಲಿ. ಸರ್ಕಾರದ ಮೀನುಗಾರರ ಉಳಿತಾಯ ಪರಿಹಾರ ಯೋಜನೆಯ ಕ್ರಮವೂ ಇದೇ. ಅದರಲ್ಲಿ ಹೆಸರಿಲ್ಲದವರನ್ನು ಹುಡುಕುವುದು ನಿಮ್ಮ ಕೆಲಸ. ಹಣವನ್ನು ಸಂಘದ ಖಜಾಂಚಿಯ ಕೈಯಲ್ಲಿ ಇಡಬೇಡಿ, ಬ್ಯಾಂಕಿನಲ್ಲೋ ನಂಬಿಕಸ್ತ ಸಹಕಾರ ಸಂಘದಲ್ಲೋ ಅವರವರ ಹೆಸರಿನಲ್ಲೇ ಇರಲಿ.

ಸಾಲವನ್ನೇ ಕೊಡುವುದಾದರೆ ಕಂತಿನ ಕ್ರಮ ಬದಲಾಯಿಸಿ. ಕೋಲ್ಕತ್ತದಲ್ಲಿ ಸಾಲ ಕೊಟ್ಟ ಎರಡೇ ವಾರಕ್ಕೆ ಕಂತು ಶುರುಮಾಡುವ ಬದಲು ಎರಡು ತಿಂಗಳು ಬಿಟ್ಟು ನೋಡಿದಾಗ ಸಾಲಗಾರರು ವ್ಯಾಪಾರಕ್ಕೆ ಹೆಚ್ಚು ಹಾಕಿದರು, ಮೂರು ವರ್ಷಗಳ ಬಳಿಕ ಅವರ ಲಾಭವೂ ಹೆಚ್ಚಿತ್ತು. ಸುಸ್ತಿದಾರರೂ ಹೆಚ್ಚಾದರು ಎನ್ನುವುದು ಅದೇ ಅಧ್ಯಯನದ ಇನ್ನೊಂದು ಸಾಲು. ಸಂಘದ ಸುತ್ತುನಿಧಿ ಅದನ್ನು ತಡೆದುಕೊಳ್ಳುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ.

ನಗದು

‘ಕೈಗೆ ಹಣ ಕೊಟ್ಟರೆ ಗಡಂಗಿಗೆ ಹೋಗುತ್ತದೆ’ ಎಂಬ ಮಾತು ಪ್ರತಿ ಸಭೆಯಲ್ಲೂ ಒಬ್ಬರ ಬಾಯಲ್ಲಿ ಸಿದ್ಧವಾಗಿರುತ್ತದೆ. ಕೀನ್ಯಾದಲ್ಲಿ ಷರತ್ತಿಲ್ಲದೆ ನಗದು ಕೊಟ್ಟ ಪ್ರಯೋಗದಲ್ಲಿ ಮದ್ಯ, ತಂಬಾಕಿನ ಖರ್ಚು ಏರಲಿಲ್ಲ. ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೂ ಅದೇ ಕಂಡಿತು. ಕೀನ್ಯಾದಲ್ಲೇ ತಿಳಿದ ಇನ್ನೊಂದು ವಿಷಯ ಆಯ್ಕೆಗೆ ಉಪಯುಕ್ತ: ತಿಂಗಳು ತಿಂಗಳು ಕೊಟ್ಟ ಮನೆಗಳಲ್ಲಿ ಊಟ ಸುಧಾರಿಸಿತು, ಒಂದೇ ಗಂಟಾಗಿ ಕೊಟ್ಟ ಮನೆಗಳಲ್ಲಿ ತಗಡಿನ ಮಾಡು, ಪೀಠೋಪಕರಣದಂತಹ ಬಾಳಿಕೆಯ ವಸ್ತುಗಳು ಬಂದವು. 2023ರ ಆಗಸ್ಟ್‌ನಿಂದ ಗೃಹಲಕ್ಷ್ಮಿಯ 2000 ರೂಪಾಯಿ ತಿಂಗಳ ಲೆಕ್ಕದಲ್ಲಿ ಹಲವು ಮನೆಗಳಿಗೆ ಬರುತ್ತಿರುವಾಗ ಸಂಘ ಇನ್ನೊಂದು ಐನೂರು ಸೇರಿಸುವುದರಲ್ಲಿ ಅರ್ಥ ಕಡಿಮೆ. ಒಂದೇ ಗಂಟಾಗಿ ಕೊಡಿ, ಮಳೆಗಾಲಕ್ಕೆ ಮೊದಲು ಕೊಡಿ, ಸೋರುವ ಮಾಡು ಇರುವವರಿಗೆ ಕೊಡಿ.

ಬಿಟ್ಟುಬಿಡಬಹುದಾದವು

ರಾಜಸ್ಥಾನದ ಉದಯಪುರದಲ್ಲಿ ಲಸಿಕೆ ಹಾಕಿಸಲು ಬಂದ ತಾಯಂದಿರಿಗೆ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿಸಿದರೆ ಸ್ಟೀಲ್ ತಟ್ಟೆ ಕೊಟ್ಟಾಗ ಪೂರ್ಣ ಲಸಿಕೆ ಪಡೆದ ಮಕ್ಕಳು 6 ಶೇಕಡಾದಿಂದ 39ಕ್ಕೆ ಏರಿದರು. ಬರೀ ಶಿಬಿರ ಸರಿಯಾಗಿ ನಡೆಸಿದ ಹಳ್ಳಿಗಳಲ್ಲಿ 18. ಅದ್ಭುತ ಫಲಿತಾಂಶವೇ, ಆದರೆ ನಮ್ಮ ಎರಡು ಜಿಲ್ಲೆಗಳಲ್ಲಿ ತಾಯಂದಿರು ತಾವಾಗಿಯೇ ಲಸಿಕೆ ಹಾಕಿಸುತ್ತಾರೆ. ಇಲ್ಲಿ ಬೇಳೆ ಹಂಚಿದರೆ ಬೇಳೆ ಖರ್ಚಾಗುತ್ತದೆ ಅಷ್ಟೆ. ಜಂತುಹುಳದ ಮಾತ್ರೆಯೂ ಹಾಗೆಯೇ. ಕೀನ್ಯಾದಲ್ಲಿ ಅದು ಶಾಲಾ ಗೈರುಹಾಜರಿಯನ್ನು ಕಾಲು ಭಾಗ ಇಳಿಸಿತು, ಆದರೆ ನಮ್ಮಲ್ಲಿ ಸರ್ಕಾರ ಶಾಲೆ, ಅಂಗನವಾಡಿಗಳಲ್ಲಿ ಅದನ್ನು ಪುಕ್ಕಟೆ ನುಂಗಿಸುತ್ತದೆ. ಒಂದು ಕಡೆಯ ಫಲಿತಾಂಶವನ್ನು ಇನ್ನೊಂದು ಕಡೆಗೆ ಎತ್ತಿಟ್ಟುಕೊಳ್ಳಲಾಗದು ಎಂದು 2015ರ ನೊಬೆಲ್ ಪಡೆದ ಆಂಗಸ್ ಡೀಟನ್ ಈ ಪ್ರಯೋಗಗಳನ್ನು ಕಟುವಾಗಿ ಟೀಕಿಸಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ.

ಸೊಳ್ಳೆ ಪರದೆಯನ್ನು ಮಾತ್ರ ಮಂಗಳೂರಿನವರು ಪಟ್ಟಿಯಿಂದ ತೆಗೆಯಬೇಡಿ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ಈ ನಗರದ ಪಾಲು ವರ್ಷಗಟ್ಟಲೆ ದೊಡ್ಡದಿತ್ತು, ಕಟ್ಟಡಗಳಲ್ಲಿ ನಿಂತ ನೀರೇ ಅದಕ್ಕೆ ದೊಡ್ಡ ಕಾರಣ. ‘ಬಿಟ್ಟಿ ಕೊಟ್ಟರೆ ಬೆಲೆ ಇರುವುದಿಲ್ಲ, ಐವತ್ತು ರೂಪಾಯಿಯಾದರೂ ತೆಗೆದುಕೊಳ್ಳೋಣ’ ಎನ್ನುವವರಿಗೆ ಕೀನ್ಯಾದ ಉತ್ತರ ಇದೆ: ಬೆಲೆ ಸೊನ್ನೆಯಿಂದ ಅರ್ಧ ಡಾಲರ್‌ಗಿಂತ ತುಸು ಮೇಲೇರಿದಾಗ ಪರದೆ ಕೊಂಡವರ ಪ್ರಮಾಣ 60 ಶೇಕಡಾಂಶ ಕುಸಿಯಿತು, ಹಣ ಕೊಟ್ಟವರು ಪುಕ್ಕಟೆ ಪಡೆದವರಿಗಿಂತ ಹೆಚ್ಚೇನೂ ಬಳಸಲಿಲ್ಲ.

ನೀವೇ ಅಳೆಯುವುದಾದರೆ

ಇಪ್ಪತ್ತು ಜನರಿಗೆ ಹಣವಿದ್ದು ನಲವತ್ತು ಅರ್ಹ ಅರ್ಜಿ ಬಂದಿದ್ದರೆ, ಅಧ್ಯಕ್ಷರ ಶಿಫಾರಸಿನ ಬದಲು ಎಲ್ಲರ ಮುಂದೆ ಚೀಟಿ ಎತ್ತಿ. ನ್ಯಾಯವೂ ಆಯಿತು, ಹೋಲಿಸಲು ಎರಡು ಗುಂಪೂ ಸಿಕ್ಕಿತು. ಕೊಡುವ ಮೊದಲೇ ನಲವತ್ತು ಮನೆಗಳಿಗೂ ಹೋಗಿ ಒಂದೇ ಪ್ರಶ್ನೆಪಟ್ಟಿ ತುಂಬಿಸಿ: ಈಗ ಎಷ್ಟು ಬಡ್ಡಿಯ ಸಾಲವಿದೆ, ಮಗು ಯಾವ ಪುಟ ಓದುತ್ತದೆ, ಕಳೆದ ತಿಂಗಳು ಏನು ಅಡವಿಟ್ಟಿರಿ. ವರ್ಷದ ಬಳಿಕ ಅದೇ ಪಟ್ಟಿ, ಅದೇ ನಲವತ್ತು ಮನೆ. ಇಷ್ಟು ಸಣ್ಣ ಸಂಖ್ಯೆಯಲ್ಲಿ ಸಣ್ಣ ವ್ಯತ್ಯಾಸ ಕಾಣುವುದಿಲ್ಲ, ದೊಡ್ಡದು ಮಾತ್ರ ಕಂಡೀತು. ಅಕ್ಕಪಕ್ಕದ ನಾಲ್ಕೈದು ಸಂಘಗಳು ಒಂದೇ ಪ್ರಶ್ನೆಪಟ್ಟಿ ಬಳಸಿದರೆ ಲೆಕ್ಕ ಗಟ್ಟಿಯಾಗುತ್ತದೆ. ಪ್ರಶ್ನೆ ಕೇಳಲು ಹಣ ಹಂಚಿದ ಸಮಿತಿಯವರೇ ಹೋಗುವುದು ಬೇಡ. ಕೊಟ್ಟವರ ಎದುರು ‘ತುಂಬಾ ಉಪಕಾರವಾಯಿತು’ ಎನ್ನದವರು ನಮ್ಮ ಊರಿನಲ್ಲಿ ಯಾರಿದ್ದಾರೆ? ಹತ್ತಿರದ ಕಾಲೇಜಿನ ಸಮಾಜಕಾರ್ಯ ವಿಭಾಗದ ವಿದ್ಯಾರ್ಥಿಗಳನ್ನು ಕಳುಹಿಸಿ, ಚೀಟಿ ಸಿಗದ ಮನೆಗಳಿಗೂ ಅವರಿಗಾದ ತೊಂದರೆಗೆ ಬಸ್ಸಿನ ಖರ್ಚಿನಷ್ಟಾದರೂ ಕೊಡಿ, ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರು ಮೊದಲಿರಲಿ.